ಬರಿಚೀಲಕ್ಕೊಂದು ಹೊದಿಕೆ

ಶ್ರಾವಣಮಾಸ ಸಮೀಪಿಸಿತೆಂದರೆ ನಮ್ಮ ಸೀಮೆಯ ಮಠಗಳಲ್ಲಿ ಪುರಾಣ-ಪ್ರವಚನಗಳ ಸಿದ್ಧತೆ ನಡೆಯುತ್ತದೆ. ನಲವತ್ತು ವರ್ಷಗಳಿಂದ ನಾನೂ ಒಂದಿಲ್ಲೊಂದು ಊರಿಗೆ ಹೋಗಿ, ತಿಂಗಳ ಕಾಲ ಅಲ್ಲಿದ್ದು, ಶರಣರ ಚರಿತ್ರೆಯನ್ನು ಹೇಳಿ ಬರುತ್ತಿದ್ದೇನೆ. ಈ ಕಾರ್ಯದಲ್ಲಿ ನನಗೆ ಸಂಗಾತಿಯಾದದ್ದು ಒಂದು ಬಟ್ಟೆಯ ಚೀಲ. ಎರಡು ವಚನ ಸಂಪುಟಗಳು, ಒಂದು ಟಿಪ್ಪಣಿ ಪುಸ್ತಕ, ಕನ್ನಡಕ, ವಿಭೂತಿಯ ಗಟ್ಟಿ, ಒಂದು ಜೊತೆ ಮಡಿವಸ್ತ್ರ, ಇಷ್ಟು ಅದರೊಳಗಿನ ಸಂಪತ್ತು. 2025ರ ಆಷಾಢದಲ್ಲಿ ಆ ಹಳೆಯ ಚೀಲದ ತಳ ಹರಿದು, ಬಸ್ ನಿಲ್ದಾಣದ ಕೆಸರಿನಲ್ಲಿ ವಚನ ಸಂಪುಟ ಬಿದ್ದಿತು. ಮನಸ್ಸಿಗೆ ಬಹಳ ನೋವಾಯಿತು. ಅಂದೇ ಪೇಟೆಗೆ ಹೋಗಿ, ಕೋರಾ ಬಣ್ಣದ ದಪ್ಪ ಅರಿವೆಯ ಒಂದು ಸಿದ್ಧ ಚೀಲವನ್ನು ಕೊಂಡು ತಂದೆ. ಹೂವಿಲ್ಲ, ಅಂಚಿಲ್ಲ, ಅಕ್ಷರವಿಲ್ಲ. ನನಗೆ ಬೇಕಾದದ್ದೂ ಅಂಥದೇ.

ನನ್ನ ತಂಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಣ್ಣಾ, ಬಾಳ ಬೋಳ ಕಾಣತೈತಿ. ಇದಕ್ಕೊಂದು ಹೊದಿಕಿ ಹೆಣೀಲೇನು?" ಎಂದಳು. ಬೇಡವೆಂದೆ. ಆದರೂ ಅವಳ ಮುಖ ನೋಡಿ, "ಆಗಲಿ, ನಾಳೆ ಬಿಳಿಯ ದಾರ ತಂದುಕೊಡುತ್ತೇನೆ" ಎಂದೆ. ಆಗ ಅವಳು ಚೀಲವನ್ನು ಮಡಿಚಿ ಮಂಚದ ಮೇಲಿಟ್ಟು, ಮೆಲ್ಲಗೆ ಹೇಳಿದಳು: "ಬಿಳಿ ಬ್ಯಾಡ ಅಣ್ಣಾ. ಮೂವತ್ತಾರು ವರ್ಷ ಬಿಳೀನ ಹೆಣದೀನಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಉಪ್ಪು ಮುಗಿದಿದೆ, ತರಬೇಕು ಎನ್ನುವ ಧ್ವನಿಯಲ್ಲೇ ಹೇಳಿದಳು. ಆದರೆ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಓದುಗ ಬಂಧುಗಳ ಮುಂದೆ ಈ ಲೇಖನದ ಮೂಲಕ ನಾನು ಒಪ್ಪಿಸಬೇಕೆಂದಿರುವುದು ಆ ರಾತ್ರಿಯ ವಿಚಾರಗಳನ್ನು, ಅದರ ನಂತರ ನಡೆದುದನ್ನು.

ಮೊದಲು ಚೀಲದ ವಿಷಯ. ನಾನು ಬಾಲ್ಯದಲ್ಲಿ ಮಠದಲ್ಲಿ ಬೆಳೆದವನು. ಅಲ್ಲಿ ನಮಗೆ ಕಲಿಸಿದ ಮೊದಲ ಪಾಠ ಸರಳತೆ. ಹಾಸಿಗೆ ಸರಳ, ಅರಿವೆ ಸರಳ, ಪ್ರಸಾದ ಸರಳ. ಅಂಗಳದ ಗೂಟಕ್ಕೆ ತೂಗುತ್ತಿದ್ದ ಗುರುಗಳ ಜೋಳಿಗೆಯನ್ನು ನಾವು ಮಕ್ಕಳು ಭಯಭಕ್ತಿಯಿಂದ ನೋಡುತ್ತಿದ್ದೆವು. ನಮ್ಮ ಸಮಾಜವನ್ನು ಕಟ್ಟಿದ್ದು ಆ ಜೋಳಿಗೆಯೇ ಎಂದರೆ ಅತಿಶಯೋಕ್ತಿಯಾಗದು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು ಸಮಾಜದ ಮುಂದೆ ಕೈಯೊಡ್ಡಿಯೇ ಆ ಸಂಸ್ಥೆಯನ್ನು ಬೆಳೆಸಿದರು. ತುಮಕೂರಿನ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು (1907-2019) ಬಡಮಕ್ಕಳ ದಾಸೋಹಕ್ಕಾಗಿ ಹಳ್ಳಿಹಳ್ಳಿಗೆ ಭಿಕ್ಷೆಗೆ ಹೋದವರು. ಇಳಕಲ್ಲಿನ ಮಹಾಂತಪ್ಪಗಳಂತೂ 1975ರಿಂದ ಮನೆಮನೆಗೆ ಜೋಳಿಗೆ ಹಿಡಿದು ಹೋಗಿ ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ. ಜನರ ಕುಡಿತವನ್ನು, ದುಶ್ಚಟಗಳನ್ನು. ಅಂಥ ಜೋಳಿಗೆಗೆ ಅಲಂಕಾರದ ಅಗತ್ಯವಿಲ್ಲ. ಅದರ ಬರಿದುತನವೇ ಅದರ ಶೋಭೆ.

ಈ ಮಾತನ್ನು ನಾನು ಅನೇಕ ವೇದಿಕೆಗಳಲ್ಲಿ ಹೇಳಿದ್ದೇನೆ. ಹೇಳುತ್ತ ಹೇಳುತ್ತ ನನ್ನ ಕೈಚೀಲವನ್ನೂ ಜೋಳಿಗೆಯೆಂದೇ ಭಾವಿಸಿಕೊಂಡುಬಿಟ್ಟೆ. ಆದರೆ ಸತ್ಯವೇನು? ನನ್ನ ಚೀಲ ಯಾರಿಗಾಗಿಯೂ ಏನನ್ನೂ ಬೇಡಿದ್ದಲ್ಲ. ಅದು ಅಂಗಡಿಯಲ್ಲಿ ಹಣ ಕೊಟ್ಟು ತಂದ, ನನ್ನ ಪುಸ್ತಕಗಳನ್ನು ಹೊರುವ ಚೀಲ. ಜೋಳಿಗೆ ಬರಿದಾಗಿರುವುದು ಬೇಡುವವನ ವಿನಯದಿಂದ. ನನ್ನ ಚೀಲ ಬರಿದಾಗಿದ್ದುದು ನಾನು ಸರಳನೆಂದು ನಾಲ್ಕು ಜನ ತಿಳಿಯಲೆಂಬ ಬಿಗುಮಾನದಿಂದ. ಈ ಭೇದ ನನಗೆ ಹೊಳೆಯಲು ಅರವತ್ತಾರು ವರ್ಷ ಬೇಕಾಯಿತು.

ಇನ್ನು ಹೆಣಿಕೆಯ ವಿಷಯ. ಕ್ರೋಶಾ ಎಂದು ನಮ್ಮ ಹೆಣ್ಣುಮಕ್ಕಳು ಕರೆಯುವ ಈ ಕಲೆಯ ಹೆಸರು ಫ್ರೆಂಚ್ ಭಾಷೆಯದು. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಒಂದು ಕಡ್ಡಿ, ಒಂದು ಉಂಡೆ ದಾರ, ಎರಡು ಕೈ, ಇಷ್ಟೇ ಸಲಕರಣೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಐರ್ಲೆಂಡ್ ದೇಶದಲ್ಲಿ ಬಟಾಟೆಯ ಬೆಳೆ ನಾಶವಾಗಿ ಘೋರ ಕ್ಷಾಮ ತಲೆದೋರಿದಾಗ, ಅಲ್ಲಿಯ ಎಷ್ಟೋ ಬಡ ಕುಟುಂಬಗಳು ಹೆಣ್ಣುಮಕ್ಕಳ ಈ ಕೊಕ್ಕೆಯ ದುಡಿಮೆಯಿಂದ ಹೊಟ್ಟೆ ಹೊರೆದುಕೊಂಡವು. ಅದೇ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಆಂಧ್ರದ ಗೋದಾವರಿ ತೀರದ ನರಸಾಪುರಕ್ಕೆ ಬಂದ ಈ ಕಲೆ ಅಲ್ಲಿ ಸಾವಿರಾರು ಹೆಣ್ಣುಮಕ್ಕಳ ಗೃಹಕೈಗಾರಿಕೆಯಾಯಿತು. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಇತರ ಹೆಣಿಕೆಗಳನ್ನು ಯಂತ್ರಗಳು ಕಲಿತಿವೆ. ಇದು ಮಾತ್ರ ಇಂದಿಗೂ ಕೈಯದೇ ಕೆಲಸ.

ನಮ್ಮ ತಾಯಿಗೆ ಕಸೂತಿ ಬರುತ್ತಿತ್ತು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಇಳಕಲ್ಲ ಸೀರೆಯ ಸೆರಗಿನಲ್ಲಿ ಗೋಪುರ, ಆನೆಯ ಅಂಬಾರಿ, ತುಳಸಿಕಟ್ಟೆಗಳನ್ನು ಬಿಡಿಸುತ್ತಿದ್ದಳು. ಕಸೂತಿಗೆ ಮೊದಲು ಅರಿವೆ ಬೇಕು. ಅದರ ಎಳೆಗಳನ್ನು ಎಣಿಸಿ ಸೂಜಿ ನಡೆಯಬೇಕು. ಕ್ರೋಶಾ ಹಾಗಲ್ಲ. ಅದು ದಾರದಿಂದಲೇ ಅರಿವೆಯನ್ನು ಹುಟ್ಟಿಸುತ್ತದೆ. ಕೈಯಲ್ಲಿ ಯಾವಾಗಲೂ ಜೀವಂತವಾಗಿರುವುದು ಒಂದೇ ಕುಣಿಕೆ. ಆ ಕುಣಿಕೆಯೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಕುಣಿಕೆ ಜಾರಿದರೆ ಎಲ್ಲವೂ ಬಿಚ್ಚಿಹೋಗುತ್ತದೆ. ತಂಗಿ ಇದನ್ನು ಶಾಲೆಯ ಕರಕುಶಲ ತರಗತಿಯಲ್ಲಿ ಕಲಿತಳು. ಅವಳ ಮದುವೆಯ ಪೆಟ್ಟಿಗೆಯಲ್ಲಿ ಅವಳೇ ಹೆಣೆದ ಬಾಗಿಲ ತೋರಣವಿತ್ತು; ಹಸಿರು ಎಲೆ, ಕೆಂಪು ಹೂವು. ಅದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮದುವೆಯಾದದ್ದು 1986ರಲ್ಲಿ. 1989ರಲ್ಲಿ ರಸ್ತೆಯ ಅಪಘಾತದಲ್ಲಿ ಅವಳ ಪತಿ ಲಿಂಗೈಕ್ಯನಾದ. ಮಕ್ಕಳಿರಲಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ಅವಳು ಅದೇ ಪೆಟ್ಟಿಗೆಯೊಂದಿಗೆ ನಮ್ಮ ಮನೆಗೆ ಮರಳಿದಳು. ತೋರಣವನ್ನು ಮತ್ತೆ ಯಾವ ಬಾಗಿಲಿಗೂ ಕಟ್ಟಲಿಲ್ಲ.

ಬಿಳಿಯದನ್ನೇ ಉಡಬೇಕೆಂಬ ಕಟ್ಟಳೆ ನಮ್ಮ ಧರ್ಮದಲ್ಲಿಲ್ಲ. ವಿಭೂತಿ ಎಲ್ಲರ ಹಣೆಗೂ ಒಂದೇ. ಲಿಂಗ ಎಲ್ಲರ ಅಂಗದ ಮೇಲೂ ಒಂದೇ. ಪತಿಯನ್ನು ಕಳೆದುಕೊಂಡ ಹೆಣ್ಣುಮಗಳನ್ನು ಅಮಂಗಳೆಯೆಂದು ದೂರವಿಡುವುದು ಶರಣರ ಮಾರ್ಗವಲ್ಲ. ನಮ್ಮ ಸಮಾಜದ ಅನೇಕ ಒಳಪಂಗಡಗಳಲ್ಲಿ ಉಡಿಕೆ ಎಂಬ ಹೆಸರಿನಿಂದ ಮರುಮದುವೆಗಳು ಹಿಂದಿನಿಂದಲೂ ನಡೆದುಬಂದಿವೆ. ದೇಶದ ಕಾನೂನು 1856ರಲ್ಲಿಯೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಇವೆಲ್ಲವೂ ನನಗೆ ಗೊತ್ತಿದ್ದವು. ಗೊತ್ತಿದ್ದವು ಮಾತ್ರವಲ್ಲ, ಇವುಗಳ ಮೇಲೆ ನಾನು ಗಂಟೆಗಟ್ಟಲೆ ಉಪನ್ಯಾಸ ಕೊಟ್ಟು ಶಾಲು ಹೊದಿಸಿಕೊಂಡವನು. ಆದರೆ ನನ್ನ ಮನೆಯಲ್ಲಿ ನಡೆದದ್ದೇ ಬೇರೆ. ಯಾರೂ ಅವಳಿಗೆ ಬಣ್ಣ ಬೇಡವೆಂದು ಹೇಳಲಿಲ್ಲ. ಯಾರೂ ಬಣ್ಣ ಕೊಡಲೂ ಇಲ್ಲ. ಹಿರಿಯರು ತಂದುಕೊಡುತ್ತಿದ್ದುದು ಮಂಕು ಬಣ್ಣದ ಸೀರೆ. ಹೆಣಿಕೆಯ ದಾರವನ್ನು ಹುಬ್ಬಳ್ಳಿಯಿಂದ ತಂದುಕೊಡುತ್ತಿದ್ದವನು ನಾನು. ಪ್ರತಿ ಸಲವೂ ಬಿಳಿಯ ದಾರವನ್ನೇ ತಂದೆ. ಬಿಳಿ ಸಾತ್ತ್ವಿಕ, ಅವಳಿಗೆ ಒಪ್ಪುತ್ತದೆ ಎಂದು ನಾನೇ ನಿರ್ಧರಿಸಿದ್ದೆ. ಅವಳನ್ನು ಕೇಳಬೇಕೆಂಬ ವಿಚಾರ ಒಮ್ಮೆಯೂ ಬರಲಿಲ್ಲ. ಆ ಬಿಳಿದಾರದಿಂದ ಅವಳು ನಮ್ಮ ಮನೆಯ ಮೇಜುಗಳಿಗೆ, ಪೆಟ್ಟಿಗೆಗಳಿಗೆ, ಪೂಜಾಪೀಠಕ್ಕೆ, ಬಂಧುಗಳ ಮಕ್ಕಳ ತೊಟ್ಟಿಲಿಗೆ ಹೊದಿಕೆಗಳನ್ನು ಹೆಣೆದಳು. ಓಣಿಯ ಹೆಣ್ಣುಮಕ್ಕಳಿಗೆ ಕಲಿಸಿ, ತನ್ನ ಅನ್ನವನ್ನು ತಾನೇ ದುಡಿದಳು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. 1991ರಲ್ಲಿ, ಪತ್ನಿಯನ್ನು ಕಳೆದುಕೊಂಡ ಪಕ್ಕದೂರಿನ ಶಿಕ್ಷಕರೊಬ್ಬರು ಹಿರಿಯರ ಮೂಲಕ ಅವಳನ್ನು ಕೇಳಿಸಿದ್ದರು. ಸಜ್ಜನರು, ಲಿಂಗನಿಷ್ಠರು. ನಮ್ಮ ತಂದೆ ಪಡಸಾಲೆಯಲ್ಲಿ ಕುಳಿತು ನನ್ನ ಕಡೆ ನೋಡಿ, "ನೀ ಓದಿದಾವ, ಏನಂತೀ?" ಎಂದು ಕೇಳಿದರು. ಅವರು ಒಪ್ಪಲು ಸಿದ್ಧರಿದ್ದರು. ನನ್ನದೊಂದು ಮಾತು ಬೇಕಾಗಿತ್ತು. ಆಗ ನನಗೆ ಮಠದ ವಲಯದಲ್ಲಿ ಹೆಸರು ಬರುತ್ತಿದ್ದ ಕಾಲ. ಬಂಧುಗಳು ಏನೆನ್ನುವರೋ, ಮುಂದೆ ನನ್ನ ಮಕ್ಕಳ ಸಂಬಂಧಗಳಿಗೆ ಅಡ್ಡಿಯಾದೀತೋ ಎಂಬ ಅಳುಕು. ನಾನು "ನೋಡೋಣ" ಎಂದೆ. ಬೇಡವೆನ್ನಲಿಲ್ಲ, ನನ್ನ ವಿದ್ಯೆ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಬೇಕೆನ್ನಲಿಲ್ಲ, ನನ್ನ ಧೈರ್ಯ ಅದಕ್ಕೆ ಸಾಲದಾಗಿತ್ತು. ಆರು ತಿಂಗಳು ಕಾದು ಆ ಶಿಕ್ಷಕರು ಬೇರೆ ಕಡೆ ಮದುವೆಯಾದರು. ಅದೇ ವರ್ಷದ ಬಸವ ಜಯಂತಿಯಲ್ಲಿ ನಾನು ಸ್ತ್ರೀ ಸಮಾನತೆಯ ಕುರಿತು ಭಾಷಣ ಮಾಡಿದೆ.

ಆಷಾಢದ ಆ ರಾತ್ರಿ ಇದೆಲ್ಲ ಒಂದರ ಹಿಂದೊಂದಾಗಿ ಎದ್ದು ಬಂದಿತು. ಮರುದಿನ ಪೇಟೆಗೆ ಹೋದೆ. ಅಂಗಡಿಯವರು ನನ್ನನ್ನು ಕಂಡೊಡನೆ, ಕೇಳದೆಯೇ ಬಿಳಿಯ ದಾರದ ಡಬ್ಬಿಯನ್ನು ಕೆಳಗಿಳಿಸಿದರು. "ಇಂದು ಬಿಳಿ ಬೇಡ" ಎಂದೆ. ಯಾವುದು ಬೇಕೆಂದರು. ನನಗೆ ಉತ್ತರ ತಿಳಿಯಲಿಲ್ಲ. ಮನೆಗೆ ಹಿಂದಿರುಗಿ ತಂಗಿಯನ್ನೇ ಕರೆದುಕೊಂಡು ಹೋದೆ. ಅವಳು ಆ ಅಂಗಡಿಯ ಮೆಟ್ಟಿಲೇರಿದ್ದು ಅದೇ ಮೊದಲು. ಬಹಳ ಹೊತ್ತು ನಿಂತಳು. ದಾರಗಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ ಕುಸುಬೆಯ ಹೂವಿನ ಕೆಂಪು, ಅರಿಸಿನದ ಹಳದಿ, ಎಳೆಯ ಜೋಳದ ಹಸಿರು, ಇವು ಮೂರನ್ನು ಆರಿಸಿದಳು. ಎಲ್ಲವೂ ಹತ್ತಿಯ ದಾರ. ಉಲ್ಲನ್ ಮೃದುವಾಗಿದ್ದರೂ ಚೀಲಕ್ಕೆ ಸಲ್ಲದು, ತಿಕ್ಕಾಟಕ್ಕೆ ಜುಂಗು ಏಳುತ್ತದೆ ಎಂದು ನನಗೆ ತಿಳಿಸಿ ಹೇಳಿದಳು.

ನಮ್ಮ ಓದುಗರಾದ ತಾಯಂದಿರಿಗೆ ಉಪಯೋಗವಾದೀತೆಂದು, ಅವಳು ಮಾಡಿದ ಕ್ರಮವನ್ನು ನಾನು ಕಂಡಂತೆ ಬರೆಯುತ್ತೇನೆ. ಮೊದಲು ಪ್ರತಿ ಬಣ್ಣದ ಒಂದು ತುಂಡು ದಾರವನ್ನು ನೀರಿನಲ್ಲಿ ನೆನೆಸಿ, ಬಿಳಿಯ ಅರಿವೆಯ ನಡುವೆ ಒತ್ತಿ ಇಟ್ಟಳು. ಕೆಂಪು ಸ್ವಲ್ಪ ಬಣ್ಣ ಬಿಟ್ಟಿತು. ಆ ಲಡಿಯನ್ನು ಪೂರ್ತಿಯಾಗಿ, ನೀರು ತಿಳಿಯಾಗುವ ತನಕ ತೊಳೆದು ನೆರಳಿನಲ್ಲಿ ಒಣಗಿಸಿದಳು. ಬರಿಚೀಲವನ್ನೂ ಒಮ್ಮೆ ತೊಳೆದಳು. ಹೊಸ ಅರಿವೆ ನೀರು ಕಂಡಾಗ ಕುಗ್ಗುತ್ತದೆ. ಕುಗ್ಗುವುದಿದ್ದರೆ ಅಳತೆಗೆ ಮೊದಲೇ ಕುಗ್ಗಲಿ ಎಂಬುದು ಅವಳ ಲೆಕ್ಕ. ಬಳಿಕ ಅಳೆದಾಗ ಚೀಲ ಅಗಲ 16 ಅಂಗುಲ, ಎತ್ತರ 16 ಅಂಗುಲ ಬಂತು.

ಹೊದಿಕೆಯನ್ನು ಒಂದೇ ತುಂಡಾಗಿ ಹೆಣೆಯದೆ ಚೌಕಗಳಾಗಿ ಮಾಡಿದಳು. ಆರು ಸರಪಳಿಗಳನ್ನು ಹಾಕಿ ಅದನ್ನು ಬಳೆಯಂತೆ ಕೂಡಿಸುವುದು. ಆ ಬಳೆಯೊಳಗೆ ಮೂರು ಮೂರು ಕಂಬಗಳ ನಾಲ್ಕು ಗುಂಪು. ಗುಂಪುಗಳ ನಡುವೆ ಮೂಲೆಗಾಗಿ ಸರಪಳಿ. ಮುಂದಿನ ಸುತ್ತಿನಲ್ಲಿ ಪ್ರತಿ ಮೂಲೆಯಲ್ಲೂ ಎರಡೆರಡು ಗುಂಪು ಹಾಕಿದರೆ ಚೌಕ ತಾನಾಗಿ ಬೆಳೆಯುತ್ತದೆ. ನಡುವೆ ಕೆಂಪು, ಅದರ ಸುತ್ತ ಹಳದಿ, ಹೊರಗೆ ಹಸಿರು. ಒಂದೊಂದು ಬದಿಗೆ ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕರಂತೆ 16 ಚೌಕ, ಎರಡೂ ಬದಿಗೆ 32. ಪ್ರತಿ ಚೌಕವನ್ನು 4 ಅಂಗುಲಕ್ಕಿಂತ ತುಸು ಚಿಕ್ಕದಾಗಿಯೇ ಹೆಣೆದಳು. ಕಾರಣ ಕೇಳಿದೆ. ಕ್ರೋಶಾ ಹಿಗ್ಗುವ ಸ್ವಭಾವದ್ದು. ಸರಿ ಅಳತೆಗೆ ಮಾಡಿದರೆ ನಾಲ್ಕು ದಿನದಲ್ಲಿ ಜೋತುಬೀಳುತ್ತದೆ ಎಂದಳು. ಹಿಡಿಕೆಗಳನ್ನು ಹೆಣೆಯಲಿಲ್ಲ, ಚೀಲದ ಹಿಡಿಕೆಗಳನ್ನೇ ಉಳಿಸಿದಳು. "ಭಾರ ಚೀಲ ಹೊರಬೇಕು, ಹೊದಿಕಿ ಹೊರಬಾರದು" ಎಂಬುದು ಅವಳು ಹೇಳಿದ ಸೂತ್ರ.

ದಿನಕ್ಕೆ ಎರಡು ಚೌಕಗಳು ಆಗುತ್ತಿದ್ದವು. ಲಡಿಯನ್ನು ಉಂಡೆ ಸುತ್ತಲು ನಾನು ಎರಡೂ ಕೈಗಳನ್ನು ಮುಂದೆ ಚಾಚಿ ಎದುರು ಕುಳಿತುಕೊಳ್ಳುತ್ತಿದ್ದೆ. ಕೈಯಲ್ಲಿ ಪುಸ್ತಕವಿಲ್ಲದೆ, ತಂಗಿಯ ಮುಂದೆ ಸುಮ್ಮನೆ ಹೀಗೆ ಕುಳಿತದ್ದು ನೆನಪಿಲ್ಲ. ಒಂದು ಸಂಜೆ, ಕೈಗಳೆರಡೂ ದಾರದಲ್ಲಿ ಸಿಕ್ಕಿ ಎದ್ದು ಹೋಗಲಾಗದಂತಿದ್ದಾಗ, ಕೇಳಿಯೇಬಿಟ್ಟೆ: "1991ರಲ್ಲಿ ಒಂದು ಮಾತು ಬಂದಿತ್ತು. ನಿನಗೆ ಗೊತ್ತಿತ್ತೇ?"

ಅವಳ ಬೆರಳು ನಿಲ್ಲಲಿಲ್ಲ. "ಗೊತ್ತಿತ್ತು. ಪಡಸಾಲಿ ಬಾಗಲದ ಹಿಂದ ನಿಂತಿದ್ದೆ."

"ಮತ್ತೆ ನೀನು ಯಾಕೆ ಏನೂ ಹೇಳಲಿಲ್ಲ?"

"ನನ್ನ ಯಾರು ಕೇಳಿದ್ರು ಅಣ್ಣಾ? ಅಪ್ಪ ನಿನ್ನ ಕೇಳಿದ."

ನಾನು ತಪ್ಪಾಯಿತೆಂದೆ. ಅಷ್ಟು ಸಣ್ಣ ಮಾತನ್ನು ಆಡಲು ಮೂವತ್ತನಾಲ್ಕು ವರ್ಷ ತೆಗೆದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಅವಳು ಸ್ವಲ್ಪ ಹೊತ್ತು ಸುತ್ತುತ್ತಲೇ ಇದ್ದಳು. ಪರವಾಗಿಲ್ಲವೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. "ಕೈ ಬಿಗಿ ಹಿಡೀಬ್ಯಾಡ, ಎಳಿ ಸಿಕ್ಕ ಬೀಳತೈತಿ" ಎಂದಳು. ನಾನು ಕೈ ಸಡಿಲಿಸಿದೆ.

ಚೌಕಗಳು ಮುಗಿದ ಮೇಲೆ ಜೋಡಿಸುವ ಕೆಲಸ ಬಂತು. ಹಸಿರು ದಾರ ಮುಗಿದಿತ್ತು. ಮತ್ತೆ ತರುತ್ತೇನೆಂದೆ. ಅವಳು ಒಳಗೆ ಹೋಗಿ ಹಳೆಯ ಬಿಳಿದಾರದ ಉಂಡೆಯನ್ನು ತಂದಳು. "ಬಿಳಿ ಬಾಳ ಉಳದೈತಿ. ಕೆಡಸೂದು ಯಾಕ?" ಎಂದು ಮೂವತ್ತೆರಡು ಚೌಕಗಳನ್ನೂ ಬಿಳಿಯಿಂದಲೇ ಕೂಡಿಸಿದಳು. ಚೀಲಕ್ಕೆ ಹೊದಿಸಿ, ಬಾಯಿಯ ಸುತ್ತ ಮಾತ್ರ ಹೊಲಿದಳು. ತೊಳೆಯಬೇಕಾದಾಗ ಆ ಒಂದು ಹೊಲಿಗೆ ಬಿಚ್ಚಿದರೆ ಹೊದಿಕೆ ಬೇರೆಯಾಗುತ್ತದೆ. ಶ್ರಾವಣದ ಮೊದಲ ಸೋಮವಾರ ನಾನು ಆ ಚೀಲವನ್ನು ಹೆಗಲಿಗೇರಿಸಿ ಹೊರಟೆ.

ಈ ಸಲದ ಪ್ರವಚನದಲ್ಲಿ ಒಂದು ದಿನ ಕಾಯಕದ ಶರಣರ ವಿಷಯ ಬಂದಿತು. ನೂಲುವ ಕದಿರನ್ನೇ ತನ್ನ ಅನುಭಾವದ ಭಾಷೆಯಾಗಿ ಮಾಡಿಕೊಂಡ ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ, ಇವರನ್ನು ಎಷ್ಟೋ ಸಲ ಹೇಳಿದ್ದೆ. ಅಂದು ಹೇಳುವಾಗ ಒಂದು ವಿಷಯ ಮನಸ್ಸಿಗೆ ನಾಟಿತು. ದಾರದ ಕೆಲಸದವರೆಂದು ಹನ್ನೆರಡನೆಯ ಶತಮಾನದ ಅನುಭವ ಮಂಟಪ ಅವರನ್ನು ಮೂಲೆಯಲ್ಲಿ ಕೂರಿಸಲಿಲ್ಲ, ಕರೆದು ಮಾತಾಡಿಸಿತು. ನೂಲುವವಳಿಗೆ ಏನು ತೋಚುತ್ತದೆಂದು ಅಂದು ಕೇಳಿದವರಿದ್ದರು, ಆದ್ದರಿಂದ ಅವಳ ಮಾತು ನಮಗೆ ಉಳಿಯಿತು. ನಾನಾದರೋ ಮನೆಯೊಳಗಿನ ಹೆಣೆಯುವವಳನ್ನು ಯಾವ ಬಣ್ಣ ಬೇಕೆಂದೂ ಕೇಳಿರಲಿಲ್ಲ. ಇದನ್ನು ಸಭೆಯ ಮುಂದೆ ಹೇಳಿದೆ. 1991ರ ನನ್ನ "ನೋಡೋಣ"ವನ್ನೂ ಮುಚ್ಚಿಡದೆ ಹೇಳಿದೆ. ಹೊರಡುವ ಮುನ್ನ ತಂಗಿಯ ಅಪ್ಪಣೆ ಪಡೆದಿದ್ದೆ. ಈ ಲೇಖನಕ್ಕೂ ಅವಳ ಅಪ್ಪಣೆಯಿದೆ.

ಮಂಗಲವಾದ ಮೇಲೆ ಒಬ್ಬ ತಾಯಿ ಬಂದು ಚೀಲವನ್ನು ಮುಟ್ಟಿ ನೋಡಿ, "ಎಷ್ಟ ಚಂದ ಹೆಣದಾರ" ಎಂದರು. ಆಮೇಲೆ ಧ್ವನಿ ತಗ್ಗಿಸಿ, ತಮ್ಮ ಮಗಳೂ ಹೀಗೆಯೇ ತವರಿಗೆ ಬಂದು ಮೂರು ವರ್ಷವಾಯಿತೆಂದೂ, ಈಗ ಒಂದು ಕಡೆಯಿಂದ ಕೇಳುತ್ತಿದ್ದಾರೆಂದೂ, ಮನೆಯ ಗಂಡಸರು ನೋಡೋಣವೆನ್ನುತ್ತಿದ್ದಾರೆಂದೂ ಹೇಳಿ, "ನೀವೇನಂತೀರಿ?" ಎಂದು ಕೇಳಿದರು. ತಂದೆ ಕೇಳಿದ ಪ್ರಶ್ನೆಯನ್ನೇ ಇನ್ನೊಮ್ಮೆ ಯಾರೋ ನನ್ನ ಮುಂದಿಟ್ಟಂತಾಯಿತು. "ತಾಯೀ, ನನ್ನನ್ನು ಕೇಳಬೇಡಿರಿ. ಇಂದೇ ಮನೆಗೆ ಹೋಗಿ ಮಗಳನ್ನು ಕೇಳಿರಿ. ಅವಳು ಹೂಂ ಎಂದರೆ ನಾಳೆ ಗಂಡಸರನ್ನು ನನ್ನ ಬಳಿಗೆ ಕಳುಹಿಸಿರಿ, ನಾನು ಮಾತಾಡುತ್ತೇನೆ. ಬೇಡವೆಂದರೆ ಅದನ್ನೂ ಗೌರವಿಸಿರಿ" ಎಂದೆ. ಮರುದಿನ ಮುಂಜಾನೆ ಗಂಡಸರು ಬಂದರು. ಎರಡು ತಾಸು ಮಾತಾಯಿತು. ಮುಂದಿನದು ಆ ಮನೆತನದ ವಿಷಯ. ನಾನು ಬರೆಯುವುದು ಸಲ್ಲದು.

ಬಂಧುಗಳೇ, ನಮ್ಮ ಮನೆಗಳಲ್ಲಿ ಎಷ್ಟೋ ಅಕ್ಕತಂಗಿಯರು, ಅತ್ತೆಯರು, ಚಿಕ್ಕಮ್ಮಂದಿರು ಮೂಲೆಯಲ್ಲಿ ಕುಳಿತು ಏನನ್ನೋ ಹೆಣೆಯುತ್ತಿರುತ್ತಾರೆ. ಅವರು ಹೆಣೆದ ತೋರಣ, ಹೊದಿಕೆಗಳನ್ನು ಬಂದವರಿಗೆ ತೋರಿಸಿ ಹೆಮ್ಮೆಪಡುತ್ತೇವೆ. ಹೆಣೆಯುವವರ ಎದುರು ಕುಳಿತು ಒಂದು ಲಡಿ ದಾರ ಹಿಡಿಯುವುದಿಲ್ಲ. ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ, ಕಿವಿ ಕೊಡುವುದೂ ದಾಸೋಹವೇ ಎಂದು ನನಗೀಗ ಅನ್ನಿಸುತ್ತದೆ. ಕಳೆದ ಕಾಲವನ್ನು ನಾನು ಬಿಚ್ಚಿ ಹೆಣೆಯಲಾರೆ. ನಿಮ್ಮಲ್ಲಿ ಯಾರಿಗಾದರೂ ಇನ್ನೂ ಕಾಲವಿದ್ದರೆ, ದಯವಿಟ್ಟು ಇಂದೇ ಕೇಳಿರಿ.

ಶ್ರಾವಣ ಮುಗಿಸಿ ಊರಿಗೆ ಮರಳಿದ ದಿನ ಚೀಲದ ಹೊದಿಕೆ ಧೂಳಾಗಿತ್ತು. ತಂಗಿ ಬಾಯಿಯ ಹೊಲಿಗೆ ಬಿಚ್ಚಿ ತೊಳೆದು ಹಾಕಿದಳು. ಬಣ್ಣ ಬಿಟ್ಟಿರಲಿಲ್ಲ. ಅದು ಒಣಗುವ ಮೊದಲೇ ಇನ್ನೊಂದು ಕೆಲಸ ಹಿಡಿದು ಕುಳಿತಿದ್ದಳು. ಯಾರಿಗೆಂದು ಕೇಳಿದೆ. ನೀಲಿ ದಾರದಿಂದ ತಲೆಯೆತ್ತದೆ, "ನನಗ" ಎಂದಳು.